ಜಮೀನು ಯಾರದು ಎಂದು ಕೇಳಿದವರ ಮೇಲೆ ಕೇಸು ಬೀಳುವುದು ಹೇಗೆ

ಕೋರ್ಟಿನ ಬಗ್ಗೆ ನಮ್ಮ ಊರುಗಳಲ್ಲಿ ಒಂದು ಮಾತಿದೆ. ಗೆದ್ದವನು ಸೋತ, ಸೋತವನು ಸತ್ತ. ದಾಯಾದಿಗಳ ಜಮೀನು ಜಗಳ ನೋಡಿ ಹುಟ್ಟಿದ ಮಾತಿರಬೇಕು. ಎರಡೂ ಕಡೆಯವರು ಒಂದೇ ಊರಿನವರು. ಇಬ್ಬರ ಜೇಬಿನ ಆಳವೂ ಹೆಚ್ಚುಕಡಿಮೆ ಒಂದೇ. ವಾಯಿದೆ ಮೇಲೆ ವಾಯಿದೆ ಬಿದ್ದು, ವಕೀಲರ ಫೀಸು, ಬಸ್ ಚಾರ್ಜು, ಹೋಟೆಲ್ ಊಟ ಅಂತ ಇಬ್ಬರೂ ಸವೆಯುತ್ತಾರೆ.

ಈಗ ಒಂದು ಕಡೆ ಹತ್ತಾರು ಸಾವಿರ ಎಕರೆ ಇರುವ ಕೃಷಿ ಕಂಪನಿ ಇದೆ ಅಂದುಕೊಳ್ಳಿ. ಅದರ ಬಳಿ ಸಂಬಳದ ವಕೀಲರಿದ್ದಾರೆ. ಕೋರ್ಟಿನ ಖರ್ಚು ಅದರ ಲೆಕ್ಕಪತ್ರದಲ್ಲಿ ಗೊಬ್ಬರ, ಡೀಸೆಲ್ ಥರ ಇನ್ನೊಂದು ಬಾಬ್ತು. ಇನ್ನೊಂದು ಕಡೆ, ಒಂದು ದಿನ ಕೂಲಿ ತಪ್ಪಿದರೆ ಸಂಜೆ ಒಲೆ ಉರಿಯದ ಮನೆಯ ರೈತ. ಇಲ್ಲಿ ಕಂಪನಿ ಕೇಸು ಗೆಲ್ಲಲೇಬೇಕು ಅಂತೇನಿಲ್ಲ. ಕೇಸು ನಡೀತಾ ಇದ್ದರೆ ಸಾಕು. ರೈತ ಸವೆಯುತ್ತಾನೆ, ಕಂಪನಿ ಸವೆಯುವುದಿಲ್ಲ.

1980ರ ದಶಕದಲ್ಲಿ ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದ ಇಬ್ಬರು ಪ್ರೊಫೆಸರುಗಳು, ಜಾರ್ಜ್ ಪ್ರಿಂಗ್ ಮತ್ತು ಪೆನೆಲೊಪಿ ಕ್ಯಾನನ್, ಇಂಥ ದಾವೆಗಳನ್ನು ಅಧ್ಯಯನ ಮಾಡಿ ಅವಕ್ಕೆ ‘ಸ್ಲ್ಯಾಪ್’ ಎಂದು ಹೆಸರಿಟ್ಟರು. ಊರಿನ ವಿಷಯಕ್ಕೆ ದನಿ ಎತ್ತಿದವರ ಬಾಯಿ ಮುಚ್ಚಿಸಲು ಹೂಡುವ ದಾವೆ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ಮಾಡಿದ ಹೆಸರು. ಕಪಾಳಕ್ಕೆ ಬಾರಿಸುವುದು ಅಂತಲೂ ಅದಕ್ಕೆ ಅರ್ಥವಿದೆ. ಬೇಕಂತಲೇ ಇಟ್ಟ ಹೆಸರು. ಆದರೆ ಅವರು ಹೆಚ್ಚಾಗಿ ನೋಡಿದ್ದು ಪರಿಹಾರ ಕೇಳುವ ಸಿವಿಲ್ ದಾವೆಗಳನ್ನು. ಜಮೀನಿನ ಹೋರಾಟದಲ್ಲಿ ಬೀಳುವುದು ಅದಕ್ಕಿಂತ ಭಾರದ ಪೆಟ್ಟು. ಅಲ್ಲಿ ಪೊಲೀಸರು ಬರುತ್ತಾರೆ, ಸರ್ಕಾರಿ ವಕೀಲರು ಬರುತ್ತಾರೆ, ಜೈಲು ಬರುತ್ತದೆ. ದೂರು ಕಂಪನಿಯದು, ಕೇಸು ನಡೆಸುವುದು ಸರ್ಕಾರ. ಅಂದರೆ ಕಂಪನಿ ಒಂದು ರೂಪಾಯಿ ಖರ್ಚು ಮಾಡದೆಯೂ ಇದು ನಡೆಯಬಹುದು.

ಹೇಗೆ ಅಂತ ನೋಡಲು ಒಂದೇ ಒಂದು ಕೇಸನ್ನು ಪೂರ್ತಿ ಬಿಡಿಸಿ ನೋಡೋಣ. ದೇಶ ಪರಗ್ವೆ. ಊರು ಕುರುಗ್ವಾತಿ.

ನೌಕಾಪಡೆಯ ಜಾಗ

ಪರಗ್ವೆ ದಕ್ಷಿಣ ಅಮೆರಿಕದ ನಡುವಿನ ದೇಶ. ಸುತ್ತ ಬ್ರೆಜಿಲ್, ಅರ್ಜೆಂಟೀನಾ, ಬೊಲಿವಿಯಾ. ಕರ್ನಾಟಕದ ಎರಡು ಪಟ್ಟಿಗಿಂತ ಸ್ವಲ್ಪ ದೊಡ್ಡದು, ಜನಸಂಖ್ಯೆ ಮಾತ್ರ ಸುಮಾರು 60 ಲಕ್ಷ. ಇಷ್ಟು ಕಡಿಮೆ ಜನಕ್ಕೆ ಅಷ್ಟು ಭೂಮಿ ಇದ್ದ ಮೇಲೆ ಜಗಳ ಯಾಕೆ ಅನ್ನಿಸುತ್ತೆ ಅಲ್ವಾ? 2008ರ ಕೃಷಿ ಗಣತಿ ನೋಡಿದರೆ ಗೊತ್ತಾಗುತ್ತದೆ. ಹಿಡುವಳಿಗಳಲ್ಲಿ ನೂರಕ್ಕೆ ಮೂರೂ ಇಲ್ಲದ ದೊಡ್ಡ ಎಸ್ಟೇಟುಗಳ ಕೈಯಲ್ಲಿ ನೂರಕ್ಕೆ 85ರಷ್ಟು ಕೃಷಿ ಭೂಮಿ ಇತ್ತು. 30 ಲಕ್ಷ ಹೆಕ್ಟೇರಿಗೂ ಜಾಸ್ತಿ ಜಾಗದಲ್ಲಿ ಸೋಯಾ. ಅದರಲ್ಲಿ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ.

ಭೂಮಿ ಹೀಗೆ ಕೆಲವರ ಕೈ ಸೇರಿದ್ದಕ್ಕೆ ಕಾರಣ ಬಹುಮಟ್ಟಿಗೆ ಆಲ್ಫ್ರೆಡೊ ಸ್ಟ್ರೋಸ್ನರ್ ಎಂಬ ಸರ್ವಾಧಿಕಾರಿಯ ಕಾಲ. 1954ರಿಂದ 1989ರವರೆಗೆ ಆಳಿದ. ಭೂಸುಧಾರಣೆ ಅಂತ ಹೇಳಿಕೊಂಡು ಸರ್ಕಾರಿ ಭೂಮಿಯನ್ನು ಮಿಲಿಟರಿ ಅಧಿಕಾರಿಗಳಿಗೆ, ಪಕ್ಷದವರಿಗೆ, ಪರಿಚಯದವರಿಗೆ ಹಂಚಿದ. ಉಳುವವನಿಗೆ ಹೋಗಬೇಕಾದದ್ದು ಉಳದವನಿಗೆ ಹೋಯಿತು. ಸತ್ಯ ಮತ್ತು ನ್ಯಾಯ ಆಯೋಗ 2008ರಲ್ಲಿ ಕೊಟ್ಟ ವರದಿಯ ಪ್ರಕಾರ, 1954ರಿಂದ 2003ರವರೆಗೆ ಹೀಗೆ ಅಕ್ರಮವಾಗಿ ಕೈ ಬದಲಾದ ಭೂಮಿ 78 ಲಕ್ಷ ಹೆಕ್ಟೇರು. ದೇಶದ ಐದನೇ ಒಂದು ಭಾಗದ ಹತ್ತಿರ. ಅದಕ್ಕೆ ಅಲ್ಲಿ ಕೆಟ್ಟ ದಾರಿಯಲ್ಲಿ ಬಂದ ಭೂಮಿ ಎಂಬರ್ಥದ ಒಂದು ಮಾತೇ ಚಲಾವಣೆಯಲ್ಲಿದೆ. ಆಯೋಗ ಪಟ್ಟಿ ಮಾಡಿತು ಅಂತ ಜಮೀನೇನೂ ವಾಪಸ್ ಬರಲಿಲ್ಲ.

ಕುರುಗ್ವಾತಿಯ ಹತ್ತಿರ ಸುಮಾರು 2,000 ಹೆಕ್ಟೇರಿನ ಒಂದು ತುಂಡು ಭೂಮಿ ಇದೆ. ಜನ ಅದನ್ನು ಕರೆಯುವುದು ಮರೀನಾ ಕ್ವೆ ಎಂದು. ಗ್ವಾರಾನಿ ಭಾಷೆಯಲ್ಲಿ ‘ಕ್ವೆ’ ಅಂದರೆ ಹಿಂದೆ ಇದ್ದದ್ದು, ಈಗ ಇಲ್ಲದ್ದು. ಹಿಂದೆ ನೌಕಾಪಡೆಯದಾಗಿದ್ದ ಜಾಗ ಅಂತ ಅರ್ಥ. ಸಮುದ್ರವೇ ಇಲ್ಲದ ದೇಶಕ್ಕೆ ನೌಕಾಪಡೆ ಯಾಕೆ ಅಂತ ನಗಬೇಡಿ, ದೊಡ್ಡ ನದಿಗಳಿವೆ. 1967ರಲ್ಲಿ ಲಾ ಇಂಡಸ್ಟ್ರಿಯಲ್ ಪರಗ್ವಾಯಾ ಎಂಬ ಹಳೆ ಕಂಪನಿ ಈ ಜಾಗವನ್ನು ನೌಕಾಪಡೆಗೆಂದು ಸರ್ಕಾರಕ್ಕೆ ದಾನ ಕೊಟ್ಟಿತು. 1990ರ ದಶಕದ ಕೊನೆಯವರೆಗೂ ನೌಕಾಪಡೆಯವರು ಅಲ್ಲಿದ್ದರು. ಆದರೆ ನೋಂದಣಿ ಕಚೇರಿಯಲ್ಲಿ ದಾಖಲೆ ಸರಿಯಾಗಿ ಸರ್ಕಾರದ ಹೆಸರಿಗೆ ಆಗಲೇ ಇಲ್ಲ. ಇಂಥ ಎಡವಟ್ಟು ನಮಗೂ ಹೊಸದಲ್ಲ. ಅಜ್ಜ ಬಾಯಿಮಾತಲ್ಲಿ ಕೊಟ್ಟ ಜಾಗದ ಪಹಣಿಯಲ್ಲಿ ಇನ್ನೂ ಅಜ್ಜನ ಹೆಸರೇ ಇರುತ್ತೆ.

ನೌಕಾಪಡೆ ಹೋದ ಮೇಲೆ ಊರಿನ ಭೂಹೀನರು ಸಂಘ ಕಟ್ಟಿಕೊಂಡು ಅರ್ಜಿ ಹಾಕಿದರು. ಅಲ್ಲಿ ಸರ್ಕಾರದ ಭೂಮಿ ಕೇಳಬೇಕಾದರೆ ಊರಿನ ಸಮಿತಿ ಮಾಡಿಕೊಂಡು ಕೇಳಬೇಕು. ಈ ಸಮಿತಿಯ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. 2004ರಲ್ಲಿ ಸರ್ಕಾರ ಈ ಜಾಗ ಭೂಸುಧಾರಣೆಗೆ ಮೀಸಲು ಎಂದು ಆದೇಶ ಹೊರಡಿಸಿತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಪಕ್ಕದ ದೊಡ್ಡ ಕೃಷಿ ಮತ್ತು ಪಶುಸಂಗೋಪನೆ ಕಂಪನಿ ಕಾಂಪೊಸ್ ಮೊರೊಂಬಿ ಕೋರ್ಟಿಗೆ ಹೋಯಿತು. ಅದರ ಮಾಲೀಕ ಬ್ಲಾಸ್ ರಿಕೆಲ್ಮೆ. ದೊಡ್ಡ ಉದ್ಯಮಿ, ಮಾಜಿ ಸೆನೆಟರ್, ಆರು ದಶಕ ಬಿಡದೆ ಆಳಿದ ಕೊಲೊರಾಡೊ ಪಕ್ಷದ ಅಧ್ಯಕ್ಷನಾಗಿದ್ದವನು. ಕಂಪನಿಯ ವಾದ ಇಷ್ಟೇ: ಈ ಜಾಗ ಬಹಳ ಕಾಲದಿಂದ ನಮ್ಮ ಸ್ವಾಧೀನದಲ್ಲಿದೆ, ಹಾಗಾಗಿ ನಮ್ಮದೆಂದು ಘೋಷಿಸಿ. ನಮ್ಮ ಕಾನೂನಿನಲ್ಲೂ ಇದಿದೆ. ಇನ್ನೊಬ್ಬರ ಜಾಗದಲ್ಲಿ 12 ವರ್ಷ ತಕರಾರಿಲ್ಲದೆ ಕೂತರೆ ಜಾಗದ ಮಾಲೀಕ ದಾವೆ ಹೂಡುವ ಹಕ್ಕು ಕಳೆದುಕೊಳ್ಳುತ್ತಾನೆ. ಸರ್ಕಾರದ ಜಾಗವಾದರೆ 30 ವರ್ಷ. ಪರಗ್ವೆಯಲ್ಲಿ ಸರ್ಕಾರದ ಜಮೀನಿಗೆ ಈ ದಾರಿಯೇ ಇಲ್ಲ. ಹಾಗಾದರೆ ಕಂಪನಿ ಏನು ಮಾಡಿತು? ದಾವೆ ಹೂಡಿದ್ದು ಸರ್ಕಾರದ ಮೇಲಲ್ಲ, ದಾಖಲೆಯಲ್ಲಿ ಇನ್ನೂ ಹೆಸರಿದ್ದ, 1967ರಲ್ಲೇ ದಾನ ಕೊಟ್ಟು ಕೈ ತೊಳೆದುಕೊಂಡ ಹಳೆ ಕಂಪನಿಯ ಮೇಲೆ. 2005ರಲ್ಲಿ ತೀರ್ಪು ಕಾಂಪೊಸ್ ಮೊರೊಂಬಿಯ ಪರವಾಗಿ ಬಂತು.

ಸರ್ಕಾರ ಒಂದು ಕಡೆ ಆ ಜಾಗ ಭೂಹೀನರಿಗೆ ಎನ್ನುತ್ತಿದೆ. ಕೋರ್ಟಿನ ಒಂದು ಕಾಗದ ಕಂಪನಿಯದು ಎನ್ನುತ್ತಿದೆ. ಇದು ಅಚ್ಚ ಸಿವಿಲ್ ವ್ಯಾಜ್ಯ. ಕಾಗದ ತೆಗೆಸಿ, ಸರ್ವೆ ಮಾಡಿಸಿ, ಯಾವುದು ಸರಿ ಅಂತ ತೀರ್ಮಾನ ಮಾಡಬೇಕಾದ ವಿಷಯ. ಪರಗ್ವೆಯ ಭೂದಾಖಲೆ ಎಷ್ಟು ಗೋಜಲು ಅಂದರೆ, ಎಲ್ಲ ಹಕ್ಕುಪತ್ರಗಳ ವಿಸ್ತೀರ್ಣ ಕೂಡಿದರೆ ದೇಶಕ್ಕಿಂತ ದೊಡ್ಡದಾಗುತ್ತದೆ. ಒಂದೇ ನೆಲದ ಮೇಲೆ ಎರಡು ಮೂರು ಹಕ್ಕುಪತ್ರಗಳು ಮಹಡಿ ಕಟ್ಟಿದ ಹಾಗೆ ಕೂತಿವೆ.

ಪ್ರಶ್ನೆಯನ್ನೇ ಬದಲಾಯಿಸುವುದು

ನನ್ನ ಪ್ರಕಾರ ಕಾನೂನಿನ ಕಿರುಕುಳದ ಗುಟ್ಟೆಲ್ಲ ಇರುವುದು ಈ ಒಂದು ಹೆಜ್ಜೆಯಲ್ಲಿ. ಸಿವಿಲ್ ಕೋರ್ಟು ಕೇಳುವ ಪ್ರಶ್ನೆ, ಜಮೀನು ಯಾರದು? ಕ್ರಿಮಿನಲ್ ಕೋರ್ಟು ಕೇಳುವ ಪ್ರಶ್ನೆ, ಒಳಗೆ ಹೋದವರು ಯಾರು? ಮೊದಲ ಪ್ರಶ್ನೆಗೆ ಉತ್ತರ ಸಿಗಲು ವರ್ಷಗಳು ಬೇಕು, ಮತ್ತು ಕಂಪನಿ ಸೋಲುವ ಅಪಾಯ ಇದೆ. ಎರಡನೆಯದಕ್ಕೆ ಒಂದು ದೂರು ಸಾಕು. ಒಳಗೆ ಹೋಗಿದ್ದು ನಿಜ ತಾನೇ? ರೈತರೇ ಒಪ್ಪುತ್ತಾರೆ. ಬಿತ್ತಿದ್ದಾರೆ, ಗುಡಿಸಲು ಹಾಕಿದ್ದಾರೆ, ಮುಚ್ಚುಮರೆ ಏನಿಲ್ಲ. ಅಲ್ಲಿಗೆ ‘ಅತಿಕ್ರಮ ಪ್ರವೇಶ’ ಸಾಬೀತಾದಂತೆ ಕಾಣುತ್ತದೆ. ಆದರೆ ಅತಿಕ್ರಮ ಅಂದರೆ ಬೇರೆಯವರ ಜಾಗಕ್ಕೆ ನುಗ್ಗುವುದು. ಬೇರೆಯವರ ಜಾಗ ಹೌದೋ ಅಲ್ಲವೋ ಎನ್ನುವುದೇ ತೀರ್ಮಾನ ಆಗಿಲ್ಲ. ಉತ್ತರವನ್ನು ಮೊದಲೇ ಒಪ್ಪಿಕೊಂಡು ಪ್ರಶ್ನೆ ಕೇಳಿದ ಹಾಗೆ.

ನಮ್ಮ ನೆಲದಲ್ಲೂ ಇದು ಹಳೆ ಕತೆ. 1951ರಲ್ಲಿ ಸಾಗರದ ಹತ್ತಿರ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದಾಗ ಅವರನ್ನು ತಂಡ ತಂಡವಾಗಿ ಹಿಡಿದು ಜೈಲಿಗೆ ಕಳಿಸಲಾಯಿತು. ತಲೆಮಾರುಗಳಿಂದ ಉಳುತ್ತಿದ್ದ ಗದ್ದೆಯೇ ಅವರಿಗೆ ಬೇರೆಯವರ ಜಾಗವಾಗಿತ್ತು. ಬೆಂಬಲಕ್ಕೆ ಬಂದ ರಾಮಮನೋಹರ ಲೋಹಿಯಾ ಅವರನ್ನೂ ಬಂಧಿಸಿದರು.

ಮರೀನಾ ಕ್ವೆಗೆ ವಾಪಸ್ ಹೋಗೋಣ. 2012ರಲ್ಲಿ ಸುಮಾರು 60-70 ಜನ, ಹೆಂಗಸರು ಮಕ್ಕಳೂ ಸೇರಿ, ಆ ಜಾಗದಲ್ಲಿ ಬೀಡುಬಿಟ್ಟಿದ್ದರು. ಕಂಪನಿ ಅವರನ್ನು ಎಬ್ಬಿಸಬೇಕಿತ್ತು. ಖಾಲಿ ಮಾಡಿಸುವ ಆದೇಶ ಬೇಕೆಂದರೆ ಹಕ್ಕುಪತ್ರ ತೋರಿಸಬೇಕಾಗುತ್ತದೆ. ಕೋರ್ಟಿನಿಂದ ಬಂದದ್ದು ಶೋಧನೆಯ ವಾರಂಟು. ಮನೆಗೆ ನುಗ್ಗಿ ಹುಡುಕಲು ಪೊಲೀಸರಿಗೆ ಕೊಡುವಂಥದ್ದು. ಜೂನ್ 15ರ ಬೆಳಿಗ್ಗೆ ಆ ಕಾಗದ ಹಿಡಿದು 300ಕ್ಕೂ ಹೆಚ್ಚು ಪೊಲೀಸರು ಹೋದರು, ಹೆಲಿಕಾಪ್ಟರ್ ಸಮೇತ. ಗುಂಡು ಹಾರಿತು. 11 ರೈತರು, 6 ಪೊಲೀಸರು ಸತ್ತರು.

ಒಂದು ವಾರದಲ್ಲಿ, ಜೂನ್ 22ರಂದು, ಇದೇ ನೆಪ ಮಾಡಿ ಅಧ್ಯಕ್ಷ ಫೆರ್ನಾಂಡೊ ಲುಗೊ ಅವರನ್ನು ಸಂಸತ್ತು ಕೆಳಗಿಳಿಸಿತು. ಲುಗೊ ಹಿಂದೆ ಬಿಷಪ್ ಆಗಿದ್ದವರು, 2008ರಲ್ಲಿ ಕೊಲೊರಾಡೊ ಪಕ್ಷವನ್ನು ಸೋಲಿಸಿ ಬಂದವರು. ಸಮರ್ಥನೆಗೆ ಅವರ ಕಡೆಯವರಿಗೆ ಸಿಕ್ಕಿದ್ದು ಎರಡು ಗಂಟೆ. ಸೆನೆಟ್ಟಿನಲ್ಲಿ 39 ಮತ ವಿರುದ್ಧ, 4 ಪರ. ಆ ಕತೆ ಬೇರೆಯೇ ದೊಡ್ಡದು, ಇಲ್ಲಿಗೆ ಬಿಡೋಣ. ನಮಗೆ ಬೇಕಿರುವುದು ರೈತರ ಮೇಲಿನ ಕೇಸು.

ಒಂದು ನೋಟ್‌ಬುಕ್ಕು, ಒಂದು ಸಮಿತಿ

17 ಸಾವುಗಳಲ್ಲಿ 11 ಸಾವಿನ ಬಗ್ಗೆ ಯಾರ ಮೇಲೂ ಆರೋಪಪಟ್ಟಿ ಹಾಕಲಿಲ್ಲ. ಸರ್ಕಾರಿ ವಕೀಲ ಜಲೀಲ್ ರಾಚಿದ್ ತನಿಖೆ ಮಾಡಿದ್ದು 6 ಪೊಲೀಸರ ಸಾವನ್ನು ಮಾತ್ರ. ಅವರ ತಂದೆಯೂ ಕೊಲೊರಾಡೊ ಪಕ್ಷದ ದೊಡ್ಡ ನಾಯಕ. ಇಷ್ಟರಿಂದಲೇ ಅವರು ಪಕ್ಷಪಾತಿ ಎಂದು ಹೇಳಲಾಗದು, ಆದರೆ ನಮ್ಮ ಕಡೆ ಒಬ್ಬ ತನಿಖಾಧಿಕಾರಿ ಹೀಗಿದ್ದರೆ ಊರವರು ಸುಮ್ನೆ ಇರುತ್ತಿದ್ದರಾ? 2013ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಈ ತನಿಖೆ ನಿಷ್ಪಕ್ಷಪಾತವಾಗಿಲ್ಲ ಎಂಬ ಆತಂಕವನ್ನು ಬರವಣಿಗೆಯಲ್ಲೇ ದಾಖಲಿಸಿತು. ಮುಂದೆ ರಾಚಿದ್ ಆಂತರಿಕ ಭದ್ರತೆಯ ಉಪಮಂತ್ರಿಯಾದರು.

ಆರೋಪಿಗಳು ಯಾರೆಂದು ತೀರ್ಮಾನಿಸಿದ್ದು ಹೇಗೆ? ಅಲ್ಲಿ ಸಿಕ್ಕ ಒಂದು ನೋಟ್‌ಬುಕ್ಕಿನಲ್ಲಿ ಭೂಮಿ ಬೇಕೆಂದು ಹೆಸರು ಬರೆಸಿದವರ ಪಟ್ಟಿ ಇತ್ತು. ರೇಷನ್ನಿಗೆ, ಆಶ್ರಯ ಮನೆಗೆ ಹೆಸರು ಬರೆಸಿದ ಹಾಗೆ. ಆ ಪಟ್ಟಿ ಆರೋಪಿಗಳ ಪಟ್ಟಿಗೆ ಆಧಾರವಾಯಿತು. ಪಟ್ಟಿ ಉದ್ದವಾದಷ್ಟೂ ಹಾಕಿದವರಿಗೆ ಅನುಕೂಲ. ನಮ್ಮ ಎಫ್‌ಐಆರ್‌ಗಳಲ್ಲಿ ಕೊನೆಗೆ ‘ಮತ್ತು ಇತರರು’ ಅಂತ ಬರೆಯುತ್ತಾರಲ್ಲ, ಅದರ ಉಪಯೋಗವೂ ಇದೇ. ಆ ‘ಇತರರು’ ನಾಳೆ ನೀವೂ ಆಗಬಹುದು. ಹಾಗಾಗಿ ಊರಿಗೆ ಊರೇ ರಾತ್ರಿ ಮನೆಯಲ್ಲಿ ಮಲಗುವುದಿಲ್ಲ.

ಹೇರಿದ ಆರೋಪಗಳು ಮುಖ್ಯವಾಗಿ ಮೂರು. ಕೊಲೆ, ಬೇರೆಯವರ ಜಾಗಕ್ಕೆ ನುಗ್ಗಿದ್ದು, ಅಪರಾಧಕ್ಕಾಗಿ ಕೂಟ ಕಟ್ಟಿದ್ದು. ಈ ಮೂರನೆಯದನ್ನು ಗಮನಿಸಿ. ಭೂಮಿ ಕೇಳಲು ಸಮಿತಿ ಮಾಡಿಕೊಂಡು ಬನ್ನಿ ಎಂದದ್ದು ಸರ್ಕಾರ. ಸಮಿತಿ ಮಾಡಿ, ಸಭೆ ಸೇರಿ, ಹೆಸರು ಬರೆದು, ಚಂದಾ ಎತ್ತಿ, ಅರ್ಜಿ ಹಾಕಿದ್ದನ್ನೇ ಅಪರಾಧದ ಕೂಟ ಎಂದದ್ದೂ ಅದೇ ಸರ್ಕಾರ. ಸಂಘಟನೆಯೇ ಸಾಕ್ಷಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಎಂದು ಹುದ್ದೆ ಇದ್ದವರೆಲ್ಲ ಆರೋಪದಲ್ಲಿ ಮೇಲಿನ ಸಾಲಿಗೆ ಹೋಗುತ್ತಾರೆ. ಮುಂದಿನ ಸಲ ಅಧ್ಯಕ್ಷನಾಗಲು ಯಾರು ಒಪ್ಪುತ್ತಾರೆ ಹೇಳಿ?

ಇನ್ನೂ ಒಂದು ಉಪಯೋಗ ಇದರಿಂದಿದೆ. ಬರೀ ಅತಿಕ್ರಮ ಪ್ರವೇಶ ಅಂದರೆ ಸಣ್ಣ ಕೇಸು, ಜಾಮೀನು ಬೇಗ ಸಿಗುತ್ತೆ. ಜೊತೆಗೊಂದು ದೊಡ್ಡ ಸೆಕ್ಷನ್ ಸೇರಿಸಿದರೆ ವಿಚಾರಣೆ ಮುಗಿಯುವವರೆಗೆ ಒಳಗೇ ಇಡಬಹುದು. ಕೊನೆಗೆ ಆ ದೊಡ್ಡ ಸೆಕ್ಷನ್ ಬಿದ್ದುಹೋದರೂ ಒಳಗಿದ್ದ ವರ್ಷಗಳು ವಾಪಸ್ ಬರುವುದಿಲ್ಲ.

ಕುರುಗ್ವಾತಿಯ ಆರೋಪಿಗಳಿಗೆ ಆದದ್ದು ಇದೇ. ಊರಿನಿಂದ ಸುಮಾರು 250 ಕಿಲೋಮೀಟರ್ ದೂರದ ರಾಜಧಾನಿ ಅಸುನ್ಸಿಯೋನ್‌ಗೆ ವಿಚಾರಣೆ ಹೋಯಿತು. ಜೈಲಿನಲ್ಲಿರುವ ಮಗನನ್ನು ನೋಡಬೇಕೆಂದರೆ ತಾಯಿಗೆ ಎರಡು ದಿನದ ಕೆಲಸ. ಸಾಕ್ಷಿ ಹೇಳುವವರಿಗೂ ಅಷ್ಟೇ. ಘಟನೆಯಾದ ಆರೇ ತಿಂಗಳಲ್ಲಿ, 2012ರ ಡಿಸೆಂಬರ್ 1ರಂದು, ಊರಿನ ನಾಯಕರಲ್ಲಿ ಒಬ್ಬರಾದ ವಿದಾಲ್ ವೇಗ ಅವರನ್ನು ಮನೆಯಲ್ಲೇ ಗುಂಡಿಟ್ಟು ಕೊಂದರು. ಹೋರಾಟದ ಕಾಗದಪತ್ರ, ಹಿನ್ನೆಲೆ ಎಲ್ಲ ಬಲ್ಲ ಮುಖ್ಯ ಸಾಕ್ಷಿ ಅವರಾಗಿದ್ದರು. 2014ರಲ್ಲಿ ಜೈಲಿನಲ್ಲಿದ್ದ ಕೆಲವರು ಎರಡು ತಿಂಗಳ ಹತ್ತಿರ ಉಪವಾಸ ಕೂತ ಮೇಲೆ ಗೃಹಬಂಧನಕ್ಕೆ ಕಳಿಸಿದರು. ವಿಚಾರಣೆ ಶುರುವಾದದ್ದೇ 2015ರಲ್ಲಿ.

2016ರ ಜುಲೈ 11ರಂದು ತೀರ್ಪು ಬಂತು. ನಾಯಕ ರುಬೆನ್ ವಿಲ್ಯಾಲ್ಬಾಗೆ ಒಟ್ಟು 35 ವರ್ಷ. ಇನ್ನೊಬ್ಬರಿಗೆ 20, ಇಬ್ಬರಿಗೆ 18. ಮೂವರು ಹೆಂಗಸರಿಗೆ ತಲಾ 6 ವರ್ಷ. ಹೆಂಗಸರು ಮಕ್ಕಳನ್ನು ಇಟ್ಟುಕೊಂಡು ಅಲ್ಲಿದ್ದದ್ದೇ ಪೊಲೀಸರನ್ನು ನಂಬಿಸಿ ಬಲೆಗೆ ಕೆಡವುವ ಉಪಾಯ ಎಂಬ ವಾದ ಮಂಡಿಸಲಾಗಿತ್ತು. ಹೊಲದಲ್ಲಿ ಬಿಡಾರ ಹೂಡಿದವರು ಹೆಂಡತಿ ಮಕ್ಕಳನ್ನು ಮತ್ತೆಲ್ಲಿ ಬಿಡಬೇಕಿತ್ತೋ ನನಗೆ ತಿಳಿಯದು. ಉಳಿದ ನಾಲ್ವರಿಗೆ 4 ವರ್ಷ. ಹೆಲಿಕಾಪ್ಟರಿನಿಂದ ತೆಗೆದ ದೃಶ್ಯ ಕೋರ್ಟಿಗೆ ಬರಲೇ ಇಲ್ಲ. ರೈತರ ಯಾವ ಬಂದೂಕಿನ ಗುಂಡಿಗೆ ಯಾವ ಪೊಲೀಸ್ ಸತ್ತ ಎನ್ನುವುದೂ ಖಚಿತವಾಗಲಿಲ್ಲ. ಜಮೀನು ಯಾರದು ಎನ್ನುವುದಂತೂ ತೀರ್ಮಾನವಾಗದೆ ಹಾಗೇ ಉಳಿಯಿತು.

2018ರ ಜುಲೈ 26ರಂದು ಸುಪ್ರೀಂ ಕೋರ್ಟಿನ ಕ್ರಿಮಿನಲ್ ಪೀಠ ಆ ತೀರ್ಪನ್ನು ರದ್ದು ಮಾಡಿ ಹನ್ನೊಂದೂ ಜನರನ್ನು ಬಿಡುಗಡೆ ಮಾಡಿತು. ಬಂಧನದಿಂದ ಬಿಡುಗಡೆಗೆ ಆರು ವರ್ಷ. 4 ವರ್ಷದ ಶಿಕ್ಷೆಯವರು ಅಷ್ಟರಲ್ಲಿ ಶಿಕ್ಷೆ ಪೂರ್ತಿ ಅನುಭವಿಸಿಯೇ ಆಗಿತ್ತು.

ಗೆದ್ದವನು ಸೋತ ಅಂದರೆ ಇದೇ ಅಲ್ವಾ?

ಆಲೂಗಡ್ಡೆಗೆ ಒಂದು ಕೋಟಿ

ಇಷ್ಟು ರಕ್ತ ಹರಿಯದ, ಆದರೆ ಅದೇ ಲೆಕ್ಕಾಚಾರದ ಒಂದು ಕೇಸು ನಮ್ಮ ದೇಶದಲ್ಲೇ ನಡೆಯಿತು. ಜಮೀನಿನದಲ್ಲ, ಬೀಜದ್ದು. 2019ರ ಏಪ್ರಿಲ್‌ನಲ್ಲಿ ಪೆಪ್ಸಿಕೊ ಕಂಪನಿ ಗುಜರಾತಿನ ನಾಲ್ವರು ರೈತರ ಮೇಲೆ ಅಹಮದಾಬಾದಿನ ವಾಣಿಜ್ಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ಲೇಸ್ ಚಿಪ್ಸಿಗೆ ಬಳಸುವ ಎಫ್‌ಎಲ್ 2027 ಎಂಬ ಆಲೂಗಡ್ಡೆ ತಳಿ ನಮ್ಮ ಹೆಸರಲ್ಲಿ ನೋಂದಣಿಯಾಗಿದೆ, ನಮ್ಮನ್ನು ಕೇಳದೆ ಬೆಳೆದಿದ್ದಾರೆ ಎಂಬುದು ದೂರು. ಒಬ್ಬೊಬ್ಬರಿಂದ ಕೇಳಿದ ಪರಿಹಾರ 1.05 ಕೋಟಿ ರೂಪಾಯಿ. ಮೂರು ನಾಲ್ಕು ಎಕರೆ ರೈತ ಅಷ್ಟು ದುಡ್ಡನ್ನು ಈ ಜನ್ಮದಲ್ಲಿ ಒಟ್ಟಿಗೆ ನೋಡುವುದಿಲ್ಲ. ಕೋರ್ಟಿನಿಂದ ಮೊದಲೇ ತಡೆಯಾಜ್ಞೆಯೂ ಸಿಕ್ಕಿತು.

ತಮಾಷೆ ಅಂದರೆ, 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಕಲಮು ಸಂರಕ್ಷಿತ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಬಿತ್ತಬಹುದು, ಹಂಚಬಹುದು, ಮಾರಬಹುದು ಎನ್ನುತ್ತದೆ. ಬ್ರ್ಯಾಂಡ್ ಹೆಸರಲ್ಲಿ ಮಾರಬಾರದು, ಅಷ್ಟೇ. ಕಂಪನಿ ಕೋರ್ಟಿನಲ್ಲಿ ಒಂದು ರಾಜಿಯನ್ನೂ ಮುಂದಿಟ್ಟಿತು: ಇನ್ನು ಈ ತಳಿ ಬೆಳೆಯಬೇಡಿ, ಇಲ್ಲವೇ ನಮ್ಮ ಒಪ್ಪಂದ ಕೃಷಿಗೆ ಸೇರಿ. ಒಂದು ಕೋಟಿಯ ದಾವೆಗೆ ಬೇಕಾಗಿದ್ದದ್ದು ಒಂದು ಕೋಟಿಯಲ್ಲ ಎಂದು ಅಲ್ಲಿಗೆ ಗೊತ್ತಾಗುತ್ತದೆ. ದೇಶದ ತುಂಬ ಗದ್ದಲ ಎದ್ದ ಮೇಲೆ ಮೇ ತಿಂಗಳಲ್ಲಿ ಕಂಪನಿ ದಾವೆಗಳನ್ನು ವಾಪಸ್ ಪಡೆಯಿತು. ತಳಿಯ ನೋಂದಣಿಯ ಜಗಳ ಮಾತ್ರ ಮುಂದುವರಿಯಿತು. 2021ರ ಡಿಸೆಂಬರ್‌ನಲ್ಲಿ ಪ್ರಾಧಿಕಾರ ನೋಂದಣಿ ರದ್ದು ಮಾಡಿತು. ಕಂಪನಿಯ ಮೇಲ್ಮನವಿಯನ್ನು 2023ರಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ತಳ್ಳಿಹಾಕಿತು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದನ್ನು ತಿರುಗಿಸಿ ಕಂಪನಿಯ ಪರ ತೀರ್ಪು ಕೊಟ್ಟಿತು.

ಕಿರುಕುಳವೋ, ನಿಜವಾದ ವ್ಯಾಜ್ಯವೋ

ಕಂಪನಿ ಹಾಕಿದ ಕೇಸೆಲ್ಲ ಕಿರುಕುಳ ಎಂದರೆ ಅದೂ ತಪ್ಪಾಗುತ್ತದೆ. ಕಂಪನಿಗೂ ಕೋರ್ಟಿಗೆ ಹೋಗುವ ಹಕ್ಕಿದೆ. ರೈತ ಸಂಘಟನೆಗಳ ಕಡೆಯಿಂದಲೂ ಕೆಲವೊಮ್ಮೆ ಕೈ ಮೀರಿದ್ದಿದೆ. ಬೆಂಗಳೂರಿನ ಕಾರ್ಗಿಲ್ ಕಚೇರಿಯ ಮೇಲೆ 1992ರ ಡಿಸೆಂಬರ್‌ನಲ್ಲಿ, ಬಳ್ಳಾರಿಯಲ್ಲಿ ಅದರ ಬೀಜ ಘಟಕದ ಮೇಲೆ 1993ರಲ್ಲಿ ರಾಜ್ಯ ರೈತ ಸಂಘದವರು ದಾಳಿ ಮಾಡಿದ್ದು ಅನೇಕರಿಗೆ ನೆನಪಿರಬಹುದು. ಆ ಚಳವಳಿಯನ್ನು ಮೆಚ್ಚುವವರೂ ಗೋಡೆ ಕೆಡವಿದ್ದಕ್ಕೆ ಕೇಸು ಬೀಳಬಾರದಿತ್ತು ಎಂದು ಹೇಳಲಾರರು.

ಹಾಗಾದರೆ ಗುರುತಿಸುವುದು ಹೇಗೆ? ನಾನು ಮೊದಲು ನೋಡುವುದು ತಾರೀಕುಗಳನ್ನು. ಊರವರು ಅರ್ಜಿ ಹಾಕಿದ ಮೇಲೆ, ಸಭೆ ಕರೆದ ಮೇಲೆ, ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಕೇಸು ಬಿದ್ದಿದೆಯಾ? ಹತ್ತಾರು ವರ್ಷ ಯಾರೂ ಕೇಳದ ಅತಿಕ್ರಮ ಆಗಲೇ ಕಣ್ಣಿಗೆ ಬಿತ್ತಾ? ಆಮೇಲೆ ಹೆಸರುಗಳು. ಇನ್ನೂರು ಜನ ಉಳುತ್ತಿದ್ದ ಕಡೆ ಮಾತು ಬಲ್ಲ ನಾಲ್ವರ ಮೇಲೆ ಮಾತ್ರ ಕೇಸಿದ್ದರೆ ಅನುಮಾನ ಪಡಬೇಕು. ಹಕ್ಕುಪತ್ರ ತೋರಿಸಬೇಕಾದ ಸಿವಿಲ್ ದಾವೆಯನ್ನು ಕಂಪನಿ ಮುಂದಕ್ಕೆ ತಳ್ಳುತ್ತಾ, ಕ್ರಿಮಿನಲ್ ದೂರಿಗೆ ಮಾತ್ರ ಅವಸರ ಮಾಡುತ್ತಿದ್ದರೆ ಅನುಮಾನವೇ ಬೇಡ. ಜಾಮೀನಿನ ಷರತ್ತನ್ನೂ ಓದಿ. ಆ ಜಮೀನಿನ ಹತ್ತಿರ ಹೋಗಬಾರದು, ಸಭೆಗೆ ಹೋಗಬಾರದು, ತಿಂಗಳಿಗೊಮ್ಮೆ ಬಂದು ಸಹಿ ಹಾಕಬೇಕು ಎಂದಿದ್ದರೆ, ಜೈಲಿಲ್ಲದೆಯೇ ಹೋರಾಟ ನಿಂತಂತೆ. ಅಷ್ಟರಲ್ಲಿ ಎರಡು ಮೂರು ಬೆಳೆ ಬಂದು ಹೋಗಿರುತ್ತೆ. ತಡ ಆದಷ್ಟೂ, ಸ್ವಾಧೀನದಲ್ಲಿದ್ದವನಿಗೇ ಲಾಭ.

ಇದಕ್ಕೆ ಕಾನೂನಿನಲ್ಲೇ ಮದ್ದು ಹುಡುಕುವ ಪ್ರಯತ್ನಗಳಾಗಿವೆ. ಫಿಲಿಪ್ಪೀನ್ಸಿನ ಸುಪ್ರೀಂ ಕೋರ್ಟು 2010ರ ಪರಿಸರ ಕೇಸುಗಳ ನಿಯಮದಲ್ಲಿ ಇದು ಬಾಯಿ ಮುಚ್ಚಿಸುವ ದಾವೆ ಎಂದು ಪ್ರತಿವಾದಿ ಮೊದಲೇ ವಾದಿಸಲು ಅವಕಾಶ ಕೊಟ್ಟಿತು. ಯುರೋಪಿಯನ್ ಒಕ್ಕೂಟ 2024ರಲ್ಲಿ ಒಂದು ನಿರ್ದೇಶನ ತಂದಿತು, ಆದರೆ ಅದು ಗಡಿ ದಾಟಿದ ಸಿವಿಲ್ ದಾವೆಗಳಿಗೆ ಮಾತ್ರ. ಪೊಲೀಸ್ ಕೇಸಿಗೆ ಅನ್ವಯಿಸುವುದಿಲ್ಲ. ಥಾಯ್ಲೆಂಡಿನಲ್ಲಿ ಖಾಸಗಿಯವರು ದುರುದ್ದೇಶದಿಂದ ಹೂಡಿದ ಕ್ರಿಮಿನಲ್ ದೂರನ್ನು ಕೋರ್ಟು ಆರಂಭದಲ್ಲೇ ತಳ್ಳಿಹಾಕಬಹುದು. ಸರ್ಕಾರಿ ವಕೀಲರೇ ಹೂಡಿದರೆ ಆ ಅವಕಾಶವಿಲ್ಲ. ನೋಡಿ, ಎಲ್ಲ ಕಡೆಯೂ ಅದೇ ತೂತು. ಕಂಪನಿ ತಾನೇ ಹೂಡಿದರೆ ಒಂದಿಷ್ಟು ರಕ್ಷಣೆ, ಸರ್ಕಾರದ ಕೈಯಲ್ಲಿ ಹೂಡಿಸಿದರೆ ಇಲ್ಲ.

ಭಾರತದಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ಇಲ್ಲ. ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಹಚ್ಚಬೇಡಿ ಎಂದು ಸುಪ್ರೀಂ ಕೋರ್ಟು ಎಷ್ಟೋ ಸಲ ಹೇಳಿದೆ. ಅದನ್ನು ಹೇಳಿಸಿಕೊಳ್ಳಲು ಹೈಕೋರ್ಟು, ಸುಪ್ರೀಂ ಕೋರ್ಟಿನವರೆಗೆ ಹೋಗಲು ದುಡ್ಡು ಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 35ಎ ಕಲಮಿನ ಪ್ರಕಾರ ಸುಳ್ಳು ದಾವೆ ಹೂಡಿದವರಿಂದ ಪರಿಹಾರ ಕೊಡಿಸಬಹುದು. ಎಷ್ಟು ಗೊತ್ತಾ? ಹೆಚ್ಚೆಂದರೆ 3,000 ರೂಪಾಯಿ. ವಾಣಿಜ್ಯ ವ್ಯಾಜ್ಯಗಳಲ್ಲಿ ಈ ಮಿತಿ ತೆಗೆದಿದ್ದಾರೆ. ಉಳಿದವಕ್ಕೆ ಮೂರು ಸಾವಿರವೇ ಗತಿ. ಜಿಲ್ಲಾ ಕೋರ್ಟಿಗೆ ನಾಲ್ಕು ಸಲ ಓಡಾಡಿದರೆ ಅದು ಮುಗಿಯುತ್ತೆ.

ಪರಗ್ವೆಯಲ್ಲಿ ಮಾತ್ರ ಗಾಳಿ ಎದುರು ದಿಕ್ಕಿಗೆ ಬೀಸಿತು. ಹನ್ನೊಂದು ಜನ ಬಿಡುಗಡೆಯಾದ ಮೂರೇ ವರ್ಷದಲ್ಲಿ, 2021ರ ಸೆಪ್ಟೆಂಬರ್‌ನಲ್ಲಿ, ಸಂಸತ್ತು ಬೇರೆಯವರ ಜಾಗಕ್ಕೆ ನುಗ್ಗುವ ಅಪರಾಧದ ಶಿಕ್ಷೆಯನ್ನು 6 ವರ್ಷಕ್ಕೆ, ಕೆಲವು ಸಂದರ್ಭಗಳಲ್ಲಿ 10 ವರ್ಷಕ್ಕೆ ಏರಿಸಿತು. ಜಾಗ ಬೇರೆಯವರದು ಹೌದೋ ಅಲ್ಲವೋ ಎಂದು ಪೊಲೀಸರು ಬರುವ ಮೊದಲು ಯಾರು ತೀರ್ಮಾನಿಸಬೇಕು ಎನ್ನುವ ತೊಡಕು ಹಾಗೇ ಉಳಿಯಿತು. ಕುರುಗ್ವಾತಿಯಲ್ಲಿ ಸತ್ತವರ ಮನೆಯವರು, ಅವರ ಜೊತೆಯವರು ಕೇಸು ನಡೆಯುತ್ತಿದ್ದಾಗಲೇ ಮರೀನಾ ಕ್ವೆಗೆ ಮರಳಿ ಹೋಗಿ ಮತ್ತೆ ಗುಡಿಸಲು ಹಾಕಿದರು. ಮರಗೆಣಸು, ಮೆಕ್ಕೆಜೋಳ ಹಾಕಿದರು. ಸುಪ್ರೀಂ ಕೋರ್ಟಿನ ತೀರ್ಪು ಅವರಲ್ಲಿ ಯಾರೂ ಕೊಲೆಗಾರರೆಂದು ಸಾಬೀತಾಗಿಲ್ಲ ಎಂದಿತ್ತು. ಅವರು ನಿಂತ ನೆಲ ಅವರದೇ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.